ಸುಣ್ಣದ ಭಟ್ಟಿ ತಿರುವಿನ ಕಲ್ಲು

ನಮ್ಮ ಊರಿನ ರಸ್ತೆ ಬದಿಯ ಕಲ್ಲುಗಳನ್ನು ಯಾರೂ ನೆಡುವುದಿಲ್ಲ, ಅವು ತಾವೇ ಏಳುತ್ತವೆ. ಏನಾದರೂ ನಡೆದ ಹತ್ತು ಹನ್ನೆರಡು ದಿನಕ್ಕೆ ಆ ಜಾಗದ ಮಣ್ಣು ಬಿರಿದು ಮೊಳಕಾಲುದ್ದದ ಕರಿಕಲ್ಲು ಮೇಲೆ ಬರುತ್ತದೆ. ಅದರ ಮೇಲೆ ನಡೆದದ್ದು ನಡೆದ ಹಾಗೆ ಕೊರೆದಿರುತ್ತದೆ. ಎಲ್ಲಾ ಸಂಗತಿಗೂ ಏಳುವುದಿಲ್ಲ. ಯಾವುದಕ್ಕೆ ಏಳುತ್ತದೆ, ಯಾವುದಕ್ಕೆ ಇಲ್ಲ ಎಂದು ತಲೆ ಕೆಡಿಸಿಕೊಂಡವರು ನಮ್ಮಜ್ಜನ ಕಾಲಕ್ಕೇ ಸುಸ್ತಾಗಿ ಕೈಬಿಟ್ಟರು. ನಾವು ಈಗ ಮಾಡುವುದು ಇಷ್ಟೇ, ರಸ್ತೆಯಲ್ಲಿ ನಡೆಯುವಾಗ ಸ್ವಲ್ಪ ಎಚ್ಚರದಿಂದ ನಡೆಯುತ್ತೇವೆ, ಜಗಳವಿದ್ದರೆ ಮನೆಯೊಳಗೆ ಮುಗಿಸಿಕೊಂಡು ಹೊರಗೆ ಬರುತ್ತೇವೆ.

ಪುರಸಭೆಯಲ್ಲಿ ಕಲ್ಲಿನ ಖಾತೆ ಎಂದು ಒಂದು ಖಾತೆ ಇದೆ. ಅದರ ಒಬ್ಬನೇ ನೌಕರ ನಾನು, ಗೂಳಪ್ಪ. ಬಿಳಿ ಬಣ್ಣದ ಡಬ್ಬಿ, ಎರಡು ಕುಂಚ, ಒಂದು ಸೀಮೆಎಣ್ಣೆ ಬಾಟಲಿ, ಒಂದಿಷ್ಟು ಹಳೆ ಬಟ್ಟೆ ಹಿಡಿದುಕೊಂಡು ಮೂವತ್ತನಾಲ್ಕು ವರ್ಷದಿಂದ ಊರು ಸುತ್ತುತ್ತಿದ್ದೇನೆ. ಕಲ್ಲಿನ ಅಕ್ಷರಗಳಿಗೆ ವರ್ಷಕ್ಕೊಮ್ಮೆ ಬಣ್ಣ ತುಂಬುವುದು ನನ್ನ ಕೆಲಸ. ಹಾಗಾಗಿ ಈ ಊರಿನ ಚರಿತ್ರೆ ನನ್ನಷ್ಟು ಇನ್ಯಾರಿಗೂ ಗೊತ್ತಿಲ್ಲ. ಚರಿತ್ರೆ ಅಂದರೆ ಹೀಗೆ: ‘ಇಲ್ಲಿ ಈರಮ್ಮ ಶೆಟ್ಟರ ಎಮ್ಮೆ ಅಡ್ಡ ಮಲಗಿತೆಂದು ಮದುವೆ ದಿಬ್ಬಣ ಸಂಜೆಯ ತನಕ ಕಾಯಿತು.’ ‘ಇಲ್ಲಿ ಟಪಾಲು ಹಂಚುವ ಗುರುರಾಯರು ಒಂದು ಕಾಗದವನ್ನು ಕೊಡಲು ಮನಸ್ಸಾಗದೆ ಹಿಂದಿರುಗಿದರು.’ ಸೇತುವೆ ಉದ್ಘಾಟನೆಗೆ ಮಂತ್ರಿಗಳು ಬಂದಾಗ ಚಪ್ಪರ, ಬ್ಯಾಂಡು ಎಲ್ಲಾ ಆಯಿತು. ಎದ್ದ ಕಲ್ಲು ಮಾತ್ರ, ‘ಇಲ್ಲಿ ಮಂತ್ರಿಗಳಿಗಾಗಿ ಕಾಯುತ್ತ ಐದನೇ ಇಯತ್ತೆಯ ರುಕ್ಸಾನಾ ತಲೆ ತಿರುಗಿ ಬಿದ್ದಳು’ ಎಂದಿತ್ತು. ಯಾವನೋ ದೊರೆ ದಂಡಿನ ಜೊತೆ ನಮ್ಮ ಹಳ್ಳದಲ್ಲಿ ನೀರು ಕುಡಿದಿದ್ದನಂತೆ. ಅದಕ್ಕೆ ಕಲ್ಲಿಲ್ಲ ಎಂದು ಬೇಸರಪಟ್ಟು ಸರ್ಕಾರದವರು ಒಂದು ತಗಡಿನ ಫಲಕ ತಂದು ನಿಲ್ಲಿಸಿದರು. ಅದಕ್ಕೆ ಈಗ ಆಡುಗಳು ಮೈ ತಿಕ್ಕುತ್ತವೆ, ಓದುವವರಿಲ್ಲ.

ಬಣ್ಣ ತುಂಬದೆ ಮೂರು ವರ್ಷ ಬಿಟ್ಟರೆ ಕಲ್ಲು ಇಳಿಯುತ್ತದೆ. ದಿನಕ್ಕೆ ಒಂದು ಬೆರಳಿನಂತೆ ಇಳಿದು ಕೊನೆಗೆ ನೆಲಸಮವಾಗುತ್ತದೆ. ತುಂಬಬೇಕೋ ಬಿಡಬೇಕೋ ಎನ್ನುವುದು ಕಲ್ಲಿನಲ್ಲಿ ಮೊದಲನೇ ಹೆಸರು ಯಾರದಿದೆಯೋ ಅವರ ಮಾತು. ಅವರು ನನ್ನ ಹತ್ತಿರ ಬಂದು, ಅತ್ತಿತ್ತ ನೋಡಿ, ಈ ಸಲ ನಮ್ಮದಕ್ಕೆ ಬ್ಯಾಡ ಗೂಳಪ್ಪ ಅನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಕಲ್ಲು ಪೂರಾ ಇಳಿದ ದಿನ ಅವರು ಒಂದು ಕೊಡ ನೀರು ತಂದು ಆ ಜಾಗಕ್ಕೆ ಸುರಿದು, ಹಿಂದೆ ನೋಡದೆ ಮನೆಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಇಳಿದ ಕಲ್ಲಿನ ಮಾತನ್ನು ಈ ಊರಿನಲ್ಲಿ ಯಾರೂ ಎತ್ತುವುದಿಲ್ಲ, ಅದರಲ್ಲಿದ್ದ ಯಾರ ಸುದ್ದಿಯನ್ನೂ ತೆಗೆಯುವುದಿಲ್ಲ, ಆ ಹೆಸರು ಬೇರೆ ಕಲ್ಲಿನಲ್ಲಿ ಎದ್ದು ನಿಂತಿದ್ದರೆ ಬೇರೆ ಮಾತು. ಯಾರಾದರೂ ಮರೆತು ಎತ್ತಿದರೆ ಕೇಳುತ್ತಿದ್ದವರು ಧೋತರ ಝಾಡಿಸಿಕೊಂಡು ಎದ್ದು ಹೋಗುತ್ತಾರೆ. ಬೈಯುವುದಿಲ್ಲ, ದಂಡ ಹಾಕುವುದಿಲ್ಲ, ಎದ್ದು ಹೋಗುತ್ತಾರೆ ಅಷ್ಟೇ. ಈ ಪದ್ಧತಿಯಿಂದ ನಮ್ಮ ಊರಿನಲ್ಲಿ ಎಷ್ಟೋ ಸಂಸಾರಗಳು ಉಳಿದಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಎಲ್ಲರ ಗುಟ್ಟು ಗೊತ್ತಿರುವವನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ನಾನು ಕಟ್ಟೆಗೆ ಬಂದು ಕೂತರೆ ಮಾತು ಹವಾಮಾನದ ಕಡೆಗೆ ತಿರುಗುತ್ತದೆ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲಿ ಎರಡು ಸೀಮೆಎಣ್ಣೆ ಅಂಗಡಿಯಲ್ಲಿ. ಈಗ ಹೇಳುತ್ತಿರುವ ಸಂಗತಿಯನ್ನೂ ಹೋದ ವರ್ಷದವರೆಗೆ ನಾನು ಹೇಳುವಂತಿರಲಿಲ್ಲ. ಯಾಕೆ ಹೇಳಬಹುದಾಯಿತು ಎನ್ನುವುದೇ ಇಲ್ಲಿಯ ವಿಷಯ.

ನನಗೊಬ್ಬಳು ತಂಗಿಯಿದ್ದಳು, ಶಾವಂತ್ರಿ. ಅವ್ವ ಸತ್ತಾಗ ಅವಳಿಗೆ ಏಳು ವರ್ಷ, ನನಗೆ ಹದಿಮೂರು. ಅವಳ ಜಡೆ ಹಾಕುವುದನ್ನು ನಾನೇ ಕಲಿತೆ, ಸೊಟ್ಟಗೆ ಹಾಕುತ್ತಿದ್ದೆ, ಅವಳು ಹಾಗೆಯೇ ಶಾಲೆಗೆ ಹೋಗುತ್ತಿದ್ದಳು. ದೊಡ್ಡವಳಾಗಿ ಹತ್ತಿ ಗಿರಣಿಗೆ ಕೆಲಸಕ್ಕೆ ಹೋದಳು. ಅವಳಿಗೆ ಇಪ್ಪತ್ತೆರಡಾದಾಗ ನಾನು ಒಂದು ವರ ನೋಡಿ, ಮಾತು ಕೊಟ್ಟು ಬಂದೆ. ಅವಳು ನನಗೆ ಮನಸ್ಸಿಲ್ಲ ಅಂದಳು. ಮನಸ್ಸು ಎಲ್ಲಿದೆ ಎಂದು ಕೇಳಿದರೆ ಯಲ್ಲೋಜಿಯ ಹೆಸರು ಹೇಳಿದಳು. ಯಲ್ಲೋಜಿ ಅಂದರೆ ಊರೂರು ತಿರುಗಿ ಕೊಡೆ ರಿಪೇರಿ ಮಾಡುವವನು. ಮಳೆಯೇ ನೆಟ್ಟಗೆ ಬಾರದ ನಮ್ಮ ಸೀಮೆಯಲ್ಲಿ ಕೊಡೆ ರಿಪೇರಿ ಮಾಡಿ ಬದುಕುತ್ತೇನೆ ಎನ್ನುವವನ ಬುದ್ಧಿ ಎಂಥದ್ದಿರಬೇಕು ಎಂದು ನಾನು ಕೂಗಾಡಿದೆ. ಕೊಟ್ಟ ಮಾತು ಹೋಗುತ್ತದಲ್ಲ ಎನ್ನುವುದು ನನ್ನ ಸಂಕಟ. ಒಂದು ಬೆಳಿಗ್ಗೆ ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ಸುಣ್ಣದ ಭಟ್ಟಿ ತಿರುವಿನಲ್ಲಿ, ಬಸ್ಸು ನಿಲ್ಲುವ ಕಡೆ, ಅವಳ ಕೈಯಿಂದ ಗಂಟು ಕಿತ್ತೆ. ಮನೆಗೆ ಒಯ್ಯಲಿಕ್ಕೆಂದೇ ಕಿತ್ತದ್ದು. ಅವಳು ಮುಖ ನೋಡಿದ ರೀತಿಗೆ ಸಿಟ್ಟು ನೆತ್ತಿಗೇರಿ ರಸ್ತೆಗೆ ಎಸೆದುಬಿಟ್ಟೆ.

ಹನ್ನೊಂದನೇ ದಿನಕ್ಕೆ ಕಲ್ಲು ಎದ್ದಿತು. ‘ಇಲ್ಲಿ ಗೂಳಪ್ಪನು ತಂಗಿ ಶಾವಂತ್ರಿಯ ಗಂಟನ್ನು ರಸ್ತೆಗೆ ಎಸೆದು, ತಿರುಗಿ ಬರಬೇಡ ಎಂದನು.’ ಆಗ ನನ್ನ ಮದುವೆಯ ಮಾತು ನಡೆದಿತ್ತು. ಹೆಣ್ಣಿನ ಕಡೆಯವರು ಬಸ್ಸಿಳಿದವರೇ ಮೊದಲು ಓದುವುದು ಆ ಕಲ್ಲನ್ನು. ಒಬ್ಬರು ಅಲ್ಲಿಂದಲೇ ವಾಪಸ್ಸು ಹೋದರು, ಇನ್ನೊಬ್ಬರು ಮನೆಗೆ ಬಂದು ಚಹಾ ಕುಡಿದು ಹೋದರು. ಮೊದಲನೇ ಹೆಸರು ನನ್ನದು, ಕುಂಚವೂ ನನ್ನದೇ. ಯಾರನ್ನು ಕೇಳಬೇಕಿತ್ತು? ಮೂರು ವರ್ಷ ಆ ಕಲ್ಲನ್ನು ದಾಟಿಕೊಂಡು ಹೋಗಿ ಮುಂದಿನದಕ್ಕೆ ಬಣ್ಣ ತುಂಬಿದೆ. ಅದು ಇಳಿಯಿತು. ಒಂದು ಕೊಡ ನೀರು ಸುರಿದು, ಮೈ ಹಗುರಾಯಿತು ಅಂದುಕೊಂಡು ಮನೆಗೆ ಬಂದೆ. ಮದುವೆ ಆಮೇಲೂ ಆಗಲಿಲ್ಲ, ಆ ಮಾತು ಬೇರೆ.

ನಾನು ಎಂಥ ಮೂರ್ಖ ಕೆಲಸ ಮಾಡಿದ್ದೆ ಎನ್ನುವುದು ತಿಳಿಯಲು ಒಂದೆರಡು ತಿಂಗಳು ಹಿಡಿಯಿತು. ನನ್ನ ಸಿಟ್ಟಿನ ಜೊತೆಗೆ ನನ್ನ ತಂಗಿಯೂ ನೆಲದೊಳಗೆ ಹೋಗಿದ್ದಳು. ಅವಳಿಗೆ ಊರಿನಲ್ಲಿ ಬೇರೆ ಕಲ್ಲಿರಲಿಲ್ಲ. ಗಿರಣಿಯ ಹೆಂಗಸರು, ಓಣಿಯವರು, ಅವಳಿಗೆ ಅಕ್ಷರ ಕಲಿಸಿದ ಮಾಸ್ತರರು, ಯಾರೂ ಅವಳ ಹೆಸರೆತ್ತಲಿಲ್ಲ. ಎತ್ತದೆ ಇರುವುದು ನನಗೆ ತೋರಿಸುವ ಮರ್ಯಾದೆ. ಒಂದು ಸಲ ಬಾಲ್ಯದ ಗೆಳೆಯ ಹಣಮಗೌಡನ ಹತ್ತಿರ, ಶಾವಂತ್ರಿ ಎಲ್ಲಿದ್ದಾಳೋ ಏನೋ ಎಂದು ಬಾಯಿಬಿಟ್ಟೆ. ಅವನು ನನ್ನ ಭುಜ ಮುಟ್ಟಿ, ಧೋತರ ಝಾಡಿಸಿಕೊಂಡು ಎದ್ದು ಹೋದ. ಅರ್ಧ ಕುಡಿದ ಅವನ ಚಹಾದ ಬಟ್ಟಲು ಅಲ್ಲೇ ಇತ್ತು. ಅಲ್ಲಿಂದ ಇಪ್ಪತ್ತೆಂಟು ವರ್ಷ ನನ್ನ ತಂಗಿಯ ಹೆಸರನ್ನು ಬೇರೊಬ್ಬರ ಬಾಯಲ್ಲಿ ನಾನು ಕೇಳಲಿಲ್ಲ. ಮನೆಯಲ್ಲಿ ಒಬ್ಬನೇ ಇದ್ದಾಗ ನಾನೇ ಕರೆದು ನೋಡುತ್ತಿದ್ದೆ. ಗೋಡೆಗೆ ಹೇಳಿದ ಹೆಸರು ಯಾರದೂ ಆಗುವುದಿಲ್ಲ.

ಆ ದಿನ ತಿರುವಿನಲ್ಲಿ ಇದ್ದವಳು ನಿಂಬೆಕ್ಕ ಒಬ್ಬಳೇ. ಅಲ್ಲಿ ಅವಳದು ಮಿರ್ಚಿ, ಚುರುಮರಿಯ ಅಂಗಡಿ. ನಾಲ್ಕು ಗಳ ನೆಟ್ಟು ಗೋಣಿತಟ್ಟು ಕಟ್ಟಿದ್ದು, ಮುಂದೊಂದು ಕಲ್ಲುಬೆಂಚು. ಎಸೆದ ಗಂಟನ್ನು ಎತ್ತಿ, ಧೂಳು ಕೊಡವಿ ಶಾವಂತ್ರಿಯ ಕೈಗೆ ಕೊಟ್ಟವಳು ಅವಳೇ, ಬಸ್ಸು ಹತ್ತಿಸಿದವಳೂ ಅವಳೇ. ಅವಳಿಗೆ ಏನಾದರೂ ಗೊತ್ತಿರಬೇಕು ಎಂದು ನನಗೆ ಯಾವಾಗಲೂ ಅನಿಸುತ್ತಿತ್ತು. ಅದಕ್ಕೇ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ, ಬೆಂಚಿನ ತುದಿಯಲ್ಲಿ ಕೂತು, ಎರಡು ಮಿರ್ಚಿ ತಿಂದು ಏಳುತ್ತಿದ್ದೆ. ನಾನು ಕೂರುವ ಕಡೆಗೇ ಅವಳು ಒಂದು ಹಳೆ ಕೊಡೆಯನ್ನು ಗಳಕ್ಕೆ ಕಟ್ಟಿದ್ದಳು. ತಾಮ್ರದ ತಂತಿ ಸುತ್ತಿದ ಕಡ್ಡಿಗಳು, ಕರಿ ಬಟ್ಟೆಗಿಂತ ತೇಪೆಯೇ ಹೆಚ್ಚು. ಬಿಸಿಲು ಸರಿದ ಹಾಗೆ ಅವಳು ಎದ್ದು ಬಂದು ಅದನ್ನು ನನ್ನ ತಲೆಯ ಮೇಲೆ ಸರಿಸುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ಬಹಳ ವರ್ಷದ ಹಿಂದೆ ಒಂದು ದಿನ ಮಾತ್ರ ಅವಳು ಮಿರ್ಚಿ ಕೊಡುತ್ತ ಕಣ್ಣೊರೆಸಿಕೊಂಡದ್ದನ್ನು ಕಂಡೆ. ಹಸಿ ಕಟ್ಟಿಗೆಯ ಹೊಗೆ ಇರಬೇಕು ಅಂದುಕೊಂಡೆ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ನಿಂಬೆಕ್ಕನಿಗೆ ಕೈ ನಡುಕ ಬಂತು. ಯುಗಾದಿ ಮುಗಿಸಿ ಮಗಳು ಬಂದು ಅವಳನ್ನು ತನ್ನೂರಿಗೆ ಕರೆದೊಯ್ಯುತ್ತಾಳೆ ಎಂದು ಗೊತ್ತಾಯಿತು. ಅವಳು ಹೋದರೆ ಶಾವಂತ್ರಿಯ ಸುದ್ದಿ ಗೊತ್ತಿರುವ ಕೊನೆಯ ಮನುಷ್ಯರೂ ಹೋದ ಹಾಗೆ. ಮರುದಿನ ಬೆಂಚಿನ ಮೇಲೆ ಕೂತವನು ಮಿರ್ಚಿ ಮುಟ್ಟದೆ ಕೇಳಿಯೇಬಿಟ್ಟೆ.

“ನಿಂಬೆಕ್ಕ, ನನ್ನ ತಂಗಿ ಎಲ್ಲಿಗೆ ಹೋದ್ಲು? ನಿನಗ ಗೊತ್ತೈತಿ.”

ಅವಳು ಎದ್ದು ಹೋಗಬೇಕಿತ್ತು. ಎದುರಿಗೆ ಕಾದ ಎಣ್ಣೆ ಇದ್ದುದರಿಂದ ಎದ್ದು ಹೋಗಲಿಲ್ಲ. ಮುಖವನ್ನಷ್ಟೇ ತಿರುಗಿಸಿದಳು. “ಇಳಿದದ್ದು ಇಳೀತಪಾ ಗೂಳಪ್ಪ. ನನ್ನದೂ ಒಂದು ಇಳಿದೈತಿ, ನೀನ ಬಿಟ್ಟುಕೊಟ್ಟಿ. ನಾ ಇವತ್ತ ನಿನ್ನ ಮಾತು ಎತ್ತಿದ್ರ, ನಾಳೆ ನನ್ನದನ್ನ ಎತ್ತವರಿಗೆ ಏನಂತ ಹೇಳಲಿ? ನನಗ ಮಗಳು ಅದಾಳ, ಅಳಿಯ ಅದಾನ.”

ಅವಳ ಕಲ್ಲಿನಲ್ಲಿ ಏನಿತ್ತೆಂದು ನನಗೆ ಗೊತ್ತು. ನಾನು ಅದನ್ನು ಇಲ್ಲಿ ಹೇಳುವುದಿಲ್ಲ. ಅವಳು ಹೇಳಿದ್ದು ನ್ಯಾಯವಾಗಿತ್ತು. ಹಿಟ್ಟು ಕಲಸುತ್ತ, ನನಗಲ್ಲ ಹಿಟ್ಟಿಗೆ ಹೇಳುವವಳ ಹಾಗೆ ಅಂದಳು, “ಹೆಸರು ಇನ್ನೊಮ್ಮೆ ಎದ್ರ ಬ್ಯಾರೆ ಮಾತು.”

ಅಂದರೆ ಶಾವಂತ್ರಿಯ ಹೆಸರಿರುವ ಇನ್ನೊಂದು ಕಲ್ಲು ಏಳಬೇಕು. ಎಬ್ಬಿಸುವುದು ಹೇಗೆ? ಕಲ್ಲಿಗಾಗಿ ಮಾಡಿದ ಕೆಲಸಕ್ಕೆ ಕಲ್ಲು ಏಳುವುದಿಲ್ಲ, ಇದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ಹಿಂದೆ ಪುರಸಭೆಯ ಅಧ್ಯಕ್ಷ ಚನವೀರಗೌಡರು ರಸ್ತೆ ಬದಿಯಲ್ಲೇ ನಿಂತು ಬಡವರಿಗೆಲ್ಲ ಕಂಬಳಿ ಹಂಚಿದರು. ಹನ್ನೆರಡನೇ ದಿನ ಎದ್ದ ಕಲ್ಲಿನಲ್ಲಿ, ‘ಇಲ್ಲಿ ದುರಗಪ್ಪನು ಹೊಸ ಕಂಬಳಿ ಚುಚ್ಚುತ್ತದೆ ಎಂದನು’ ಎಂದಿತ್ತು. ಅದಕ್ಕೆ ಬಣ್ಣ ತುಂಬಿದವನು ನಾನೇ, ನಗುತ್ತ ತುಂಬಿದ್ದೆ. ಆದರೂ ನಾನು ಅದನ್ನೇ ಮಾಡಿದೆ. ದಿನಾ ಬೆಳಿಗ್ಗೆ ತಿರುವಿನಲ್ಲಿ ನಿಂತು, ಯಾರೂ ಇಲ್ಲದ್ದನ್ನು ನೋಡಿಕೊಂಡು, ಶಾವಂತ್ರಿ, ತಿರುಗಿ ಬಾ ಎಂದು ಗಟ್ಟಿಯಾಗಿ ಹೇಳಿದೆ. ಒಂದು ದಿನ ಒಂದು ಹೊಸ ಸೀರೆಯನ್ನು ಗಂಟು ಕಟ್ಟಿ ತಂದು, ಎಸೆದ ಜಾಗದಲ್ಲೇ ಇಟ್ಟು ನಮಸ್ಕಾರ ಮಾಡಿದೆ. ಅದನ್ನು ಯಾರೋ ಎತ್ತಿಕೊಂಡು ಹೋದರು. ಹನ್ನೆರಡು ದಿನ, ಇಪ್ಪತ್ತನಾಲ್ಕು ದಿನ, ಮೂರು ತಿಂಗಳು ನೆಲವನ್ನೇ ನೋಡಿದೆ. ಒಂದು ಕಡೆ ಮಣ್ಣು ಉಬ್ಬಿತೆಂದು ಮೊಳಕಾಲೂರಿ ಕೆದರಿದೆ. ಇರುವೆಗೂಡು. ನಿಂಬೆಕ್ಕ ಎಲ್ಲವನ್ನೂ ನೋಡುತ್ತಿದ್ದಳು, ಮಿರ್ಚಿ ತಿರುವಿ ಹಾಕುತ್ತಿದ್ದಳು. ಮಾಘಮಾಸ ಕಳೆಯುವ ಹೊತ್ತಿಗೆ ನನಗೇ ನಾಚಿಕೆಯಾಗಿ ಬಿಟ್ಟುಬಿಟ್ಟೆ. ಇಲ್ಲ ಅಂದರೆ ಇಲ್ಲ. ಇಷ್ಟು ವರ್ಷ ಬದುಕಿದ ಹಾಗೆಯೇ ಇನ್ನುಳಿದದ್ದನ್ನೂ ಬದುಕಿದರಾಯಿತು ಅಂದುಕೊಂಡೆ.

ಸಂತೆಯ ದಿನ. ತಿರುವಿನ ಆಚೆಗಿರುವ ಒಂದು ಕಲ್ಲಿಗೆ ಬಣ್ಣ ತುಂಬುತ್ತ ಕೂತಿದ್ದೆ. ಬಸ್ಸು ಬಂದು ನಿಂತಿತು, ಜನ ಇಳಿದರು, ಬಸ್ಸು ಹೋಯಿತು. ತಲೆಯೆತ್ತಿದರೆ ಒಬ್ಬಳು ಬಗಲಲ್ಲಿ ಬಟ್ಟೆಯ ಗಂಟು ಇಟ್ಟುಕೊಂಡು ಊರಿನ ಕಡೆ ನಡೆಯುತ್ತಿದ್ದಾಳೆ. ಎಡಗಾಲನ್ನು ಸ್ವಲ್ಪ ಹೊರಗೆ ಹಾಕುವ ನಡಿಗೆ, ಸೊಟ್ಟ ಜಡೆ. ನಾನು ಡಬ್ಬಿಯನ್ನು ಒದ್ದುಕೊಂಡು ಎದ್ದೆ. ಬಣ್ಣ ಚೆಲ್ಲಿದ್ದು ಗೊತ್ತಾಗಲಿಲ್ಲ. ಶಾವಂತ್ರೀ, ನಿಂದ್ರ, ಶಾವಂತ್ರೀ ಎಂದು ಕೂಗುತ್ತ ಐವತ್ತೊಂಬತ್ತು ವರ್ಷದ ಮುದುಕ ಸಂತೆಯ ಜನದ ನಡುವೆ ಓಡಿದೆ. ಒಂದು ಚಪ್ಪಲಿ ಎಲ್ಲೋ ಹೋಯಿತು. ಹತ್ತಿರ ಹೋಗಿ ಗಂಟನ್ನು ಹಿಡಿದುಕೊಂಡೆ. ಅವಳು ತಿರುಗಿದಳು. ಇಪ್ಪತ್ತೈದು ಮೂವತ್ತರ ಹೆಣ್ಣುಮಗಳು, ಯಾರದೋ ಮನೆಯವಳು.

“ಯಾರನ್ನ ಹುಡುಕತೀರಿ ಕಾಕಾ?” ಅಂದಳು.

ನನ್ನ ತಂಗಿಗೆ ಈಗ ಐವತ್ಮೂರು ನಡೆಯುತ್ತಿರಬೇಕು ಎನ್ನುವುದು ನನಗೆ ಆಗ ಹೊಳೆಯಿತು. ಅವಳು ಎದುರಿಗೆ ಬಂದು ನಿಂತರೂ ನನಗೆ ಗುರುತು ಸಿಗದೆ ಇರಬಹುದು. ಆ ಹೆಣ್ಣುಮಗಳು ನನ್ನನ್ನು ರಸ್ತೆ ಬದಿಗೆ ಕೂರಿಸಿ, ನೀರು ಕುಡಿಸಿ, ಚಪ್ಪಲಿ ಹುಡುಕಿ ತಂದುಕೊಟ್ಟು ತನ್ನ ದಾರಿ ಹಿಡಿದಳು. ನಾನು ಅಲ್ಲೇ ಕೂತು, ಹೋಗುವವರು ಬರುವವರು ನೋಡುತ್ತಿದ್ದರೂ ಅತ್ತೆ. ಆಗ ಕಲ್ಲಿನ ನೆನಪು ನನಗೆ ಇರಲಿಲ್ಲ, ದೇವರಾಣೆ ಇರಲಿಲ್ಲ.

ಹತ್ತನೇ ದಿನಕ್ಕೆ ಎದ್ದಿತು. ‘ಇಲ್ಲಿ ಗೂಳಪ್ಪನು ಬೇರೊಬ್ಬಳನ್ನು ತಂಗಿ ಶಾವಂತ್ರಿ ಎಂದು ತಿಳಿದು ಒಂದೇ ಚಪ್ಪಲಿಯಲ್ಲಿ ಓಡಿದನು.’ ಬೆಳಗಾಗುವುದರೊಳಗೆ ಊರು ಪೂರಾ ಓದಿತ್ತು. ನಗಲಿಕ್ಕೆ ಒಳ್ಳೆಯ ಕಲ್ಲು ಸಿಕ್ಕದೆ ಬಹಳ ದಿನವಾಗಿತ್ತು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಆ ಅಕ್ಷರಗಳಿಗೆ ಒಂದಲ್ಲ ಎರಡು ಕೈ ಬಣ್ಣ ತುಂಬಿದೆ. ಅವಳ ಹೆಸರಿನ ಮೇಲೆ ಕುಂಚ ಓಡಿಸುವಾಗ ಬಣ್ಣ ಅಂಚು ದಾಟಿತು. ಮೂವತ್ತನಾಲ್ಕು ವರ್ಷದಲ್ಲಿ ಅದೇ ಮೊದಲು.

ಬಣ್ಣ ಒಣಗುವ ಮೊದಲೇ ನಿಂಬೆಕ್ಕನ ಹತ್ತಿರ ಹೋದೆ. ಯುಗಾದಿಗೆ ಎಂಟು ದಿನ ಇತ್ತು. ಅವಳಿಗೆ ಓದು ಬಾರದು, ನನ್ನ ಮಾತನ್ನು ನಂಬುವ ಹೆಂಗಸೂ ಅಲ್ಲ. ಹನ್ನೊಂದರ ಬಸ್ಸು ಬರುವ ತನಕ ಕಾಯಿಸಿ, ಕಂಡಕ್ಟರನನ್ನು ಇಳಿಸಿ, ನಮ್ಮಿಬ್ಬರ ಎದುರಿಗೆ ಆ ಕಲ್ಲನ್ನು ಓದಿಸಿದಳು. ಅವನು ನಕ್ಕ. ಇನ್ನೊಮ್ಮೆ ಓದು ಅಂದಳು. ಅವನು ಓದಿ ಹೋದ ಮೇಲೆ ಒಲೆಯ ಮುಂದೆ ಕೂತು, ನನ್ನನ್ನೂ ಕೂರಲು ಹೇಳಿದಳು.

“ಬಂದಿದ್ಲಪಾ,” ಅಂದಳು. “ಊರು ಬಿಟ್ಟ ಒಂಬತ್ತು ವರ್ಷಕ್ಕ, ಒಬ್ಬಾಕಿನ ಬಂದಿದ್ಲು. ಕಲ್ಲು ಎದ್ದ ಸುದ್ದಿ ಆಕಿಗೆ ಹ್ಯಾಂಗೋ ಮುಟ್ಟಿತ್ತು. ಬಸ್ಸಿಳಿದಾಕಿನ ಕಲ್ಲಿದ್ದ ಜಾಗಾಕ ಹೋಗಿ ನಿಂತ್ಲು. ನೆಲಾ ನೋಡಿದ್ಲು. ಕಾಲಿಂದ ಮಣ್ಣು ಕೆದರಿ ನೋಡಿದ್ಲು. ಆಮ್ಯಾಲ ನನ್ನ ಕಡೆ ಬಂದು ಒಂದ ಮಾತು ಕೇಳಿದ್ಲು, ನಮ್ಮಣ್ಣ ನೀರು ಹಾಕಿ ಮುಗಿಸಿದ್ನಾ ನಿಂಬೆಕ್ಕ, ಅಂತ.”

ನೀನೇನಂದಿ ಎಂದು ಕೇಳಿದೆ.

“ನಾ ಹೂಂ ಅಂದ್ನಿ. ಸುಳ್ಳು ಹ್ಯಾಂಗ ಹೇಳಲಿ? ಕಲ್ಲಿದ್ದಿದ್ರ ಮನಿಗೆ ಹೋಗಿ ಜಗಳಾ ಮಾಡತಿದ್ನಿ, ಅಂದ್ಲು. ವರ್ಷಾ ಬಣ್ಣಾ ಹಚ್ಚಿದ್ರ ವರ್ಷಾ ನೆನಸ್ತಾನಂತ ತಿಳಕೋತಿದ್ನಿ, ಅಂದ್ಲು. ಅದ ಬಸ್ಸು ತಿರುಗಿ ಬರೂದಕ್ಕ ಹತ್ತಿ ಹ್ವಾದ್ಲು.”

ಎಣ್ಣೆ ಕಾಯುತ್ತಿತ್ತು, ಅವಳು ಅದಕ್ಕೆ ಮಿರ್ಚಿ ಬಿಡಲಿಲ್ಲ. ಎಲ್ಲಿಂದ ಬಂದಿದ್ದಳು ಎಂದು ಕೇಳಿದೆ. ಹೇಳಲಿಲ್ಲವಂತೆ. ಮಕ್ಕಳಿದ್ದಾರೆಯೇ ಎಂದು ಕೇಳಿದೆ. ನಿಂಬೆಕ್ಕನಿಗೆ ಕೇಳಲು ಹೊತ್ತು ಸಿಕ್ಕಿರಲಿಲ್ಲ. ತೆಳ್ಳಗಾಗಿದ್ದಳಂತೆ, ಹಸಿರು ಸೀರೆ ಉಟ್ಟಿದ್ದಳಂತೆ. ಇಷ್ಟೇ. ಇಷ್ಟಕ್ಕೆ ನಾನು ಇಪ್ಪತ್ತೆಂಟು ವರ್ಷ ಮಿರ್ಚಿ ತಿಂದಿದ್ದೆ.

ಆಮೇಲೆ ನಿಂಬೆಕ್ಕ ಎದ್ದು, ನಡುಗುವ ಕೈಯಿಂದ ಗಳದ ಹಗ್ಗ ಬಿಚ್ಚತೊಡಗಿದಳು. ಅವಳಿಗೆ ಆಗಲಿಲ್ಲ, ನಾನೇ ಬಿಚ್ಚಿದೆ. ಕೊಡೆಯನ್ನು ನನ್ನ ಕೈಯಲ್ಲಿ ಇಟ್ಟಳು.

“ನಿನಗಂತ ತಂದಿದ್ಲು. ಅಣ್ಣ ಬಿಸಲಾಗ ಕುಂತು ಬಣ್ಣಾ ಹಚ್ಚತಾನ, ಯಲ್ಲೋಜಿ ಕಡೆಯಿಂದ ಗಟ್ಟಿ ಮಾಡಿಸಿಕೊಂಡು ಬಂದೀನಿ, ಕೊಡು ಅಂದ್ಲು. ಯಾರು ಕೊಟ್ರು ಅಂದ್ರ ನಾ ಏನಂತ ಹೇಳಬೇಕಿತ್ತು? ಅದಕ್ಕ ಇಲ್ಲಿ ಕಟ್ಟಿದ್ನಿ. ನೀ ದಿನಾ ಬಂದು ಇದರ ಕೆಳಗ ಕೂಡತಿದ್ದೆಲ್ಲಾ, ಅಷ್ಟರ ಆಗಲಿ ಅಂತ.”

ಹೊಗೆ ಅಂದುಕೊಂಡಿದ್ದ ದಿನ ಯಾವುದು ಎಂದು ಈಗ ಲೆಕ್ಕ ಸಿಕ್ಕಿತು. ಆ ಮಧ್ಯಾಹ್ನ ನಾನು ಬೆಂಚಿಗೆ ಬಂದಾಗ ಶಾವಂತ್ರಿಯ ಬಸ್ಸು ಹೋಗಿ ಒಂದು ಗಳಿಗೆಯೂ ಆಗಿರಲಿಲ್ಲ. ಬಂದವನೇ ಹೊಸದಾಗಿ ಕಟ್ಟಿದ ಕೊಡೆಯನ್ನು ನೋಡಿ, ಒಳ್ಳೇದಾಯಿತು ನೆರಳಾಯಿತು ಎಂದು ನಾನು ಹೇಳಿದ್ದು ಕೂಡ ನೆನಪಾಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಿಂಬೆಕ್ಕನ ಮೇಲೆ ಸಿಟ್ಟು ಬರಲಿಲ್ಲ. ನೀರು ಸುರಿದು ಅವಳ ಬಾಯಿ ಕಟ್ಟಿದವನು ನಾನು.

ಯುಗಾದಿಯ ಮರುದಿನ ನಿಂಬೆಕ್ಕ ಮಗಳ ಜೊತೆ ಹೋದಳು. ಗಳ, ಗೋಣಿತಟ್ಟು ಯಾರೋ ಒಯ್ದರು, ಬೆಂಚು ಉಳಿದಿದೆ. ನಾನು ಈಗಲೂ ಮಧ್ಯಾಹ್ನ ಅಲ್ಲಿ ಕೊಡೆ ಬಿಚ್ಚಿಕೊಂಡು ಕೂರುತ್ತೇನೆ. ದಾರಿಯಲ್ಲಿ ಹೋಗುವವರು ಕಲ್ಲು ಓದಿ, ನನ್ನನ್ನು ನೋಡಿ, ಏನ್ ಗೂಳಪ್ಪ, ಶಾವಂತ್ರಿ ಸಿಕ್ಕಳೇನು ಅನ್ನುತ್ತಾರೆ. ಚೇಷ್ಟೆಗೆ ಅನ್ನುತ್ತಾರೆ, ಗೊತ್ತು. ಇನ್ನೂ ಇಲ್ಲ ಅನ್ನುತ್ತೇನೆ. ಕೆಲವರು ನಿಂತು, ಅವಳು ಗಿರಣಿಯಲ್ಲಿದ್ದಾಗ ಹಾಡು ಹೇಳುತ್ತಿದ್ದಳಲ್ಲ ಎಂದು ನೆನಪು ಮಾಡುತ್ತಾರೆ. ಹಣಮಗೌಡ ಒಂದು ದಿನ ಬಂದು, ಧೋತರ ಸರಿಮಾಡಿಕೊಂಡು ಪಕ್ಕದಲ್ಲಿ ಕೂತ. ಅವಳು ಅವನಿಗೆ ಮಾವಿನಕಾಯಿ ಎಸೆದದ್ದು, ಅವನ ಹಣೆ ಒಡೆದದ್ದು ಹೇಳಿದ. ಕಲೆ ಇನ್ನೂ ಇದೆ, ತೋರಿಸಿದ. ನಾನು ಮುಟ್ಟಿ ನೋಡಿದೆ.

ಈ ಆಷಾಢಕ್ಕೆ ನನ್ನ ನೌಕರಿ ಮುಗಿಯುತ್ತದೆ. ನನ್ನ ಜಾಗಕ್ಕೆ ನೀರು ಸರಬರಾಜಿನಿಂದ ದಿಲ್ಶಾದಬಿ ವರ್ಗವಾಗಿ ಬಂದಿದ್ದಾಳೆ, ನಲವತ್ತೈದರ ಗಟ್ಟಿ ಹೆಂಗಸು. ಅವಳನ್ನು ಕರೆದುಕೊಂಡು ಹೋಗಿ ಎಲ್ಲಾ ಕಲ್ಲು ತೋರಿಸಿದೆ, ಕುಂಚ ಕೊಟ್ಟೆ. ತಿರುವಿಗೆ ಬಂದಾಗ ಅವಳು ಓದಿ, ನಗು ತಡೆದುಕೊಂಡು, “ನಿಮ್ಮ ಹೆಸರು ಮೊದಲೈತಲ್ರಿ ಅಣ್ಣಾ, ಎಷ್ಟು ವರ್ಷ ತುಂಬಲಿ?” ಎಂದು ಕೇಳಿದಳು. ನಾನು ಸತ್ತ ಮೇಲೂ ತುಂಬು ಅಂದೆ. ಹಾಗಾದರೆ ಬಿಡು ಅಂತ ಹೇಳುವವರು ಯಾರು ಎಂದು ಅವಳು ಕೇಳಿದಳು. ಅದು ನೌಕರಿಯ ಪ್ರಶ್ನೆ, ಕೇಳಲೇಬೇಕಾದ್ದು.

“ಎರಡನೇ ಹೆಸರಿನಾಕಿ,” ಅಂದೆ. “ಆಕಿ ಬಂದು ಸಾಕು ಅಂದ್ರ ಮಾತ್ರ ಬಿಡು.”